ಅನ್ನದುಂಡೆಯ ಹಿಂದಿನ ಲೆಕ್ಕ: ಜಪಾನಿನ ‘ಕೊಂಬಿನಿ’ ಆಹಾರದ ಒಂದು ಅಧ್ಯಯನ

ವ್ಯಾಪಾರದ ನಿಮಿತ್ತ ಜಪಾನಿಗೆ ಹೋಗಿ ಬಂದ ನಮ್ಮ ವರ್ತಕರು ಎರಡು ಸಂಗತಿಗಳನ್ನು ತಪ್ಪದೆ ಹೇಳುತ್ತಾರೆ: ಅಲ್ಲಿ ರೈಲುಗಳು ಹೊತ್ತಿಗೆ ಸರಿಯಾಗಿ ಬರುತ್ತವೆ, ಊಟದ್ದೇ ತೊಂದರೆ. ಈ ಎರಡನೆಯದಕ್ಕೆ ಪರಿಹಾರ ಹುಡುಕುತ್ತ ಬಹುತೇಕರು ಕೊನೆಗೆ ಹೋಗಿ ನಿಲ್ಲುವುದು ‘ಕೊಂಬಿನಿ’ಯ ಬಾಗಿಲಲ್ಲಿ. ಕನ್ವೀನಿಯೆನ್ಸ್ ಸ್ಟೋರ್ ಎಂಬ ಇಂಗ್ಲಿಷ್ ಹೆಸರನ್ನು ಜಪಾನೀಯರು ಮೊಟಕುಗೊಳಿಸಿಕೊಂಡ ರೂಪವಿದು. ಆ ದೇಶದಲ್ಲಿ ಇಂತಹ ಅಂಗಡಿಗಳು ಸುಮಾರು 55,000 ಇದ್ದು, ಸೆವೆನ್-ಇಲೆವೆನ್, ಫ್ಯಾಮಿಲಿಮಾರ್ಟ್ ಮತ್ತು ಲಾಸನ್ ಎಂಬ ಮೂರು ಸರಪಳಿಗಳದೇ ಬಹುಪಾಲು. ಮಾರಾಟದ ಜಾಗ ನೂರು ಚದರ ಮೀಟರಿನ ಆಸುಪಾಸು. ಅಷ್ಟರಲ್ಲೇ ಸುಮಾರು 3,000 ಬಗೆಯ ಸರಕು.

1997ರಲ್ಲಿ ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಮೋಟಾರ್ ಸ್ಥಾಪನೆಯಾದ ಬಳಿಕ ನಗೋಯ ನಗರದ ಹೆಸರು ನಮ್ಮ ಬಿಡಿಭಾಗ ತಯಾರಕರಿಗೆ ಪರಿಚಿತವಾಗಿದೆ. ಆ ನಗರದ ನಿಲ್ದಾಣದ ಸಮೀಪದ ಅಂಗಡಿಯೊಂದರಲ್ಲಿ, ರಾತ್ರಿ ಹನ್ನೊಂದರ ಸುಮಾರಿಗೆ, ಈ ಲೇಖಕನು ಮೊದಲ ‘ಒನಿಗಿರಿ’ಯನ್ನು ಕೊಂಡನು. ಒನಿಗಿರಿ ಎಂದರೆ ತ್ರಿಕೋಣಾಕಾರದ ಅನ್ನದ ಉಂಡೆ. ನಡುವೆ ಉಪ್ಪಿನಲ್ಲಿ ಹಾಕಿದ ಹುಳಿಹಣ್ಣನ್ನೋ ಮೀನನ್ನೋ ಇಟ್ಟು, ಹೊರಗೆ ‘ನೊರಿ’ ಎಂಬ ಕಡಲ ಪಾಚಿಯ ತೆಳುಹಾಳೆಯನ್ನು ಸುತ್ತಿರುತ್ತಾರೆ. ಬೆಲೆ 150ರಿಂದ 200 ಯೆನ್, ನಮ್ಮ ಹಣದಲ್ಲಿ 100 ರೂಪಾಯಿಯ ಆಚೀಚೆ. ಹೊದಿಕೆಯ ಮೇಲೆ 1, 2, 3 ಎಂದು ಅಂಕಿಗಳಿವೆ. ಮೊದಲು ನಡುವಿನ ಪಟ್ಟಿಯನ್ನು ಎಳೆದು ಸೀಳಬೇಕು, ಅನಂತರ ಎರಡು ಮೂಲೆಗಳನ್ನು ಒಂದೊಂದಾಗಿ ಜಾರಿಸಬೇಕು. ಹಸಿವಿನ ಆತುರದಲ್ಲಿ ಮೂರನ್ನು ಮೊದಲು ಎಳೆದದ್ದರಿಂದ ಪಾಚಿಯ ಹಾಳೆ ಹೊದಿಕೆಯಲ್ಲೇ ಉಳಿದು ಬರಿಯ ಅನ್ನ ಕೈಗೆ ಬಂತು. ಎರಡನೆಯದು ಸರಿಯಾಯಿತು. ಹಾಳೆ ಹಪ್ಪಳದಂತೆ ಗರಿಗರಿ, ಅನ್ನ ಮೃದು.

ಆ ಗರಿಗರಿತನಕ್ಕೊಂದು ಇತಿಹಾಸವಿದೆ. ಒನಿಗಿರಿ ಜಪಾನೀಯರ ಮನೆಯ ಬುತ್ತಿ. ಮನೆಯಲ್ಲಿ ಮಾಡುವುದನ್ನು ಅಂಗಡಿಯಲ್ಲಿ ಯಾರು ಕೊಳ್ಳುತ್ತಾರೆ ಎಂಬ ಆಕ್ಷೇಪವು ಸಂಸ್ಥೆಯ ಒಳಗೇ ಇತ್ತು. 1978ರಲ್ಲಿ ಸೆವೆನ್-ಇಲೆವೆನ್ ಅನ್ನಕ್ಕೂ ಪಾಚಿಗೂ ನಡುವೆ ತೆಳುವಾದ ಪ್ಲಾಸ್ಟಿಕ್ ಪದರವಿಟ್ಟು, ತಿನ್ನುವ ಕ್ಷಣದವರೆಗೆ ಹಾಳೆಗೆ ತೇವ ತಾಗದಂತೆ ಮಾಡಿತು. ಮನೆಯ ಬುತ್ತಿಯಲ್ಲಿ ಹಾಳೆ ಮೆತ್ತಗಾಗುವುದು ಸಹಜ, ಅಂಗಡಿಯದು ಹಾಗಾಗಲಿಲ್ಲ. ಜನರು ಅದಕ್ಕೆ ಹಣ ಕೊಟ್ಟರು.

ಸಸ್ಯಾಹಾರಿಗಳಾದ ನಮ್ಮ ಸದಸ್ಯರು ಇಲ್ಲಿ ಸ್ವಲ್ಪ ನಿಲ್ಲಬೇಕು. ಹುಳಿಹಣ್ಣಿನ ಒನಿಗಿರಿ ನೋಡಲು ನಿರಪಾಯವೆನಿಸಿದರೂ ಅದರಲ್ಲಿ ‘ಕತ್ಸುಒ’ ಮೀನಿನ ಪುಡಿ ಅಥವಾ ಸಾರ ಬೆರೆತಿರುವುದುಂಟು. ಮೊಟ್ಟೆ, ಹಾಲು, ಗೋಧಿ, ನೆಲಗಡಲೆ, ಸೀಗಡಿ, ಏಡಿ ಮುಂತಾದವನ್ನು ಅಲರ್ಜಿಯ ಕಾರಣಕ್ಕೆ ಪ್ರತ್ಯೇಕವಾಗಿ ತಿಳಿಸುವುದು ಅಲ್ಲಿ ಕಡ್ಡಾಯ. ಕತ್ಸುಒ ಆ ಪಟ್ಟಿಯಲ್ಲಿಲ್ಲ. ಆದ್ದರಿಂದ ಅಲರ್ಜಿಯ ಚೌಕವನ್ನು ನಂಬಿ ಕೊಳ್ಳಬಾರದು, ಪದಾರ್ಥಗಳ ಪೂರ್ಣ ಪಟ್ಟಿಯನ್ನೇ ನೋಡಬೇಕು. ಹೋಟೆಲಿನ ಸಿಬ್ಬಂದಿಯಿಂದ ಮೀನು, ಮಾಂಸ, ಕತ್ಸುಒ ಎಂಬ ಪದಗಳನ್ನು ಜಪಾನೀ ಲಿಪಿಯಲ್ಲಿ ಚೀಟಿಯ ಮೇಲೆ ಬರೆಸಿಕೊಂಡು ಹೋಲಿಸುವುದು ಸುಲಭದ ಉಪಾಯ. ಬಾಳೆಹಣ್ಣು, ಸುಟ್ಟ ಗೆಣಸು, ಸೋಯಾ ಹಾಲು, ಬೀಜಗಳ ಪೊಟ್ಟಣ ಸಾಮಾನ್ಯವಾಗಿ ಸಿಗುತ್ತವೆ. ಮಾಂಸಾಹಾರಿಗಳಿಗೆ ಆಯ್ಕೆ ವಿಪುಲ.

ಹೊದಿಕೆಯ ಹಿಂಬದಿಯನ್ನು ವ್ಯಾಪಾರಿಯ ಕಣ್ಣಿನಿಂದ ಓದಿಸಿಕೊಂಡರೆ ಇನ್ನೆರಡು ವಿಷಯ ತಿಳಿಯುತ್ತವೆ. ಬಳಕೆಯ ಗಡುವು ದಿನಾಂಕದಲ್ಲಿ ಮುಗಿಯದೆ ಗಂಟೆಯವರೆಗೂ ನಮೂದಾಗಿದೆ. ಅದರ ಬಳಿ ತಯಾರಕರ ಹೆಸರಿದೆ, ಅದು ಅಂಗಡಿಯ ಹೆಸರಲ್ಲ.

ಸರಕು ಬರುವ ಬಗೆ

1974ರ ಮೇ ತಿಂಗಳಲ್ಲಿ ಟೋಕಿಯೊದ ತೊಯೊಸು ಎಂಬಲ್ಲಿ ಸೆವೆನ್-ಇಲೆವೆನ್ ತನ್ನ ಮೊದಲ ಜಪಾನೀ ಅಂಗಡಿಯನ್ನು ತೆರೆಯಿತು. ಅದು ಮೊದಲು ಒಂದು ಕುಟುಂಬದ ಮದ್ಯದಂಗಡಿಯಾಗಿತ್ತು. ಅಮೆರಿಕದ ಸೌತ್‌ಲ್ಯಾಂಡ್ ಸಂಸ್ಥೆಯಿಂದ ಪರವಾನಗಿ ತಂದ ಇತೊ-ಯೊಕಾದೊ ಕಂಪನಿಯ ತೋಷಿಫುಮಿ ಸುಜುಕಿಯವರಿಗೆ ಮೊದಲು ಎದುರಾದ ಕಷ್ಟ ಸಗಟು ವ್ಯಾಪಾರಿಗಳದು. ಅವರು ದೊಡ್ಡ ಪ್ರಮಾಣದಲ್ಲಷ್ಟೇ ಸರಕು ಕೊಡುತ್ತಿದ್ದರು. ಸಣ್ಣ ಅಂಗಡಿಯಲ್ಲಿ ಅದನ್ನಿಡಲು ಸ್ಥಳವಿರಲಿಲ್ಲ. ಸ್ವಲ್ಪ ಸ್ವಲ್ಪವಾಗಿ, ಅನೇಕ ಸಲ ಸರಕು ಬರಬೇಕಾದರೆ ಒಂದೇ ಪ್ರದೇಶದಲ್ಲಿ ಹತ್ತಿರ ಹತ್ತಿರ ಅಂಗಡಿಗಳಿರಬೇಕು ಎಂಬ ನಿಯಮ ಇಲ್ಲಿಂದ ಹುಟ್ಟಿತು. ಈ ನಿಯಮವನ್ನು ಅವರು ಎಷ್ಟು ಬಿಗಿಯಾಗಿ ಪಾಲಿಸಿದರೆಂದರೆ, 47 ಪ್ರಾಂತ್ಯಗಳಲ್ಲಿ ಕೊನೆಯದಾದ ಒಕಿನಾವಾವನ್ನು ಮುಟ್ಟಿದ್ದು 2019ರ ಜುಲೈಯಲ್ಲಿ, ಮೊದಲ ಅಂಗಡಿ ತೆರೆದ 45 ವರ್ಷಗಳ ಮೇಲೆ. ಅಷ್ಟರಲ್ಲಿ ಪರವಾನಗಿ ಪಡೆದವರೇ ಪರವಾನಗಿ ಕೊಟ್ಟವರ ಒಡೆಯರಾಗಿದ್ದರು: ಸೌತ್‌ಲ್ಯಾಂಡಿನ ಬಹುಪಾಲು ಷೇರುಗಳು 1991ರಲ್ಲೂ ಪೂರ್ಣ ಒಡೆತನ 2005ರಲ್ಲೂ ಜಪಾನೀಯರ ಪಾಲಾದವು.

ಸರಕನ್ನು ಉಷ್ಣಾಂಶದ ಪ್ರಕಾರ ವಿಂಗಡಿಸಿ, ಬೇರೆ ಬೇರೆ ತಯಾರಕರ ಮಾಲನ್ನು ಒಂದೇ ವಾಹನದಲ್ಲಿ ತರುವುದು ಅವರ ಕ್ರಮ. ಸ್ಯಾಂಡ್‌ವಿಚ್, ಸಲಾಡ್ ಮುಂತಾದವು 5 ಡಿಗ್ರಿಯ ವಾಹನದಲ್ಲಿ. ಒನಿಗಿರಿ ಮತ್ತು ಅನ್ನದ ಬುತ್ತಿ 20 ಡಿಗ್ರಿಯಲ್ಲಿ. ಫ್ರಿಜ್ಜಿನಲ್ಲಿಟ್ಟ ಚಿತ್ರಾನ್ನ ಮರುದಿನ ಬಿರುಸಾಗುವುದು ನಮ್ಮ ಮನೆಗಳಲ್ಲೂ ತಿಳಿದ ಮಾತು. ತೀರ ತಣ್ಣಗಾದರೆ ಅನ್ನದ ಪಿಷ್ಟ ಗಟ್ಟಿಯಾಗುತ್ತದೆ, ಬೆಚ್ಚಗಿದ್ದರೆ ಬೇಗ ಹಳಸುತ್ತದೆ. ಈ ಎರಡರ ನಡುವಿನ ಸಣ್ಣ ಸಂದಿಯಲ್ಲಿ ಅವರ ವ್ಯಾಪಾರ ನಿಂತಿದೆ. ಅನ್ನದ ಪದಾರ್ಥಗಳು ದೀರ್ಘಕಾಲ ದಿನಕ್ಕೆ ಮೂರು ಬಾರಿ ಬರುತ್ತಿದ್ದವು. ಚಾಲಕರ ಹೆಚ್ಚುವರಿ ದುಡಿಮೆಗೆ 2024ರ ಏಪ್ರಿಲಿನಿಂದ ಕಾನೂನಿನ ಮಿತಿ ಬರಲಿದ್ದುದರಿಂದ, ಲಾಸನ್ 2023ರ ಕೊನೆಯಲ್ಲೇ ಇದನ್ನು ಎರಡಕ್ಕೆ ಇಳಿಸತೊಡಗಿತು. ಟೊಯೊಟಾದ ತೈಯಿಚಿ ಒಹ್ನೊ ಅವರು ತಮ್ಮ ‘ಕನ್‌ಬನ್’ ಪದ್ಧತಿಗೆ ಅಮೆರಿಕದ ಸೂಪರ್‌ಮಾರ್ಕೆಟ್ ಪ್ರೇರಣೆಯಾಯಿತೆಂದು ಬರೆದಿದ್ದಾರೆ; ಅಂಗಡಿಯಿಂದ ಕಾರ್ಖಾನೆಗೆ ಹೋದ ಪಾಠವನ್ನು ಮತ್ತೆ ಅಂಗಡಿಯಲ್ಲಿ ಕಂಡಂತಾಯಿತು.

ಸಣ್ಣ ತಯಾರಕರಿಗೆ ಇನ್ನೊಂದು ವಿಷಯ. 1979ರಲ್ಲಿ ಸೆವೆನ್-ಇಲೆವೆನ್‌ಗೆ ಬುತ್ತಿ ಒದಗಿಸುವ ತಯಾರಕರು ಸೇರಿ ಒಂದು ಸಹಕಾರ ಸಂಘ ಕಟ್ಟಿದರು. ಗುಣಮಟ್ಟ, ಕಚ್ಚಾವಸ್ತುಗಳ ಖರೀದಿ, ಹೊಸ ತಿನಿಸುಗಳ ಅಭಿವೃದ್ಧಿ ಇವುಗಳನ್ನು ಒಟ್ಟಾಗಿ ನಡೆಸುವುದು ಉದ್ದೇಶ. ಬೇರೆ ಬೇರೆ ಊರಿನ ಕಾರ್ಖಾನೆಗಳ ಒನಿಗಿರಿ ಒಂದೇ ಮಟ್ಟದ್ದಾಗಿರುವುದಕ್ಕೆ ಇದೊಂದು ಕಾರಣ. ಆದರೆ ಇಂತಹ ತಯಾರಕರಲ್ಲಿ ದೊಡ್ಡದಾದ ವರಬೆಯಾ ನಿಚಿಯೊ ಸಂಸ್ಥೆಯ ಮಾರಾಟದ ಬಹುಪಾಲು ಇಂದಿಗೂ ಆ ಒಂದೇ ಸರಪಳಿಗೆ. ಒಬ್ಬನೇ ಗಿರಾಕಿಯನ್ನು ನಂಬಿದ ಕಾರ್ಖಾನೆ ಬೆಳೆಯುವುದೂ ಅವನಿಂದ, ಬೆಲೆ ಕೇಳಲು ಹಿಂಜರಿಯುವುದೂ ಅವನ ಮುಂದೆ.

ಉಳಿದದ್ದು ಯಾರ ಪಾಲು?

ಗಂಟೆಯ ಗಡುವುಳ್ಳ ಆಹಾರವೆಂದರೆ ಉಳಿಕೆ ತಪ್ಪಿದ್ದಲ್ಲ. ಅದರ ನಷ್ಟ ಯಾರದು? ಈ ಅಂಗಡಿಗಳಲ್ಲಿ ಹೆಚ್ಚಿನವನ್ನು ನಡೆಸುವವರು ಫ್ರಾಂಚೈಸಿ ಪಡೆದ ಸಣ್ಣ ಮಾಲೀಕರು. ಅವರು ಸರಪಳಿ ಸಂಸ್ಥೆಗೆ ಕೊಡುವುದು ಒಟ್ಟು ಲಾಭದ ಒಂದು ಪಾಲು. ಒಟ್ಟು ಲಾಭವನ್ನು ಲೆಕ್ಕ ಹಾಕುವ ರೀತಿಯಲ್ಲೇ ಮರ್ಮವಿದೆ.

ಒಂದು ಒನಿಗಿರಿಯ ಖರೀದಿ ಬೆಲೆ 100 ಯೆನ್, ಮಾರಾಟ ಬೆಲೆ 150 ಯೆನ್, ಒಟ್ಟು ಲಾಭದಲ್ಲಿ ಸಮಪಾಲು ಎಂದು ಉದಾಹರಣೆಗಾಗಿ ಇಟ್ಟುಕೊಳ್ಳೋಣ. ಮಾಲೀಕನು 10 ತರಿಸಿ 8 ಮಾರಿದನು; ಬಂದದ್ದು 1,200 ಯೆನ್. ನಮ್ಮ ಕಿರ್ದಿ-ಖಾತೆಯ ಪ್ರಕಾರ ಖರೀದಿ 1,000 ಕಳೆದು ಲಾಭ 200. ಇಬ್ಬರಿಗೂ ತಲಾ 100. ಕೊಂಬಿನಿಯ ಲೆಕ್ಕದಲ್ಲಾದರೋ ಮಾರಾಟವಾದ 8ರ ಖರೀದಿ ಬೆಲೆಯನ್ನು ಮಾತ್ರ ಕಳೆಯುತ್ತಾರೆ. ಲಾಭ 400 ಆಗುತ್ತದೆ. ಸಂಸ್ಥೆಗೆ 200, ಮಾಲೀಕನಿಗೆ 200. ಆ 200ರಿಂದ ಎಸೆದ ಎರಡರ ಬೆಲೆ 200 ಯೆನ್ನನ್ನು ಮಾಲೀಕನೇ ಭರಿಸಬೇಕು. ಅವನ ಕೈಯಲ್ಲಿ ಉಳಿದದ್ದು ಸೊನ್ನೆ. ಕೆಲಸಗಾರರ ಸಂಬಳ ಇನ್ನೂ ಬಾಕಿ.

ಅವನು ಕೊನೆಯ ಎರಡನ್ನು 50 ಯೆನ್ನಿನಂತೆ ಇಳಿಸಿ ಮಾರಿದ್ದರೆ? ಬಂದದ್ದು 1,300, ಖರೀದಿ 1,000, ಲಾಭ 300, ತಲಾ 150. ಮಾಲೀಕನಿಗೆ 150 ಹೆಚ್ಚಿತು, ಸಂಸ್ಥೆಗೆ 50 ಕಡಿಮೆಯಾಯಿತು. ಬೆಲೆ ಇಳಿಸುವ ಮಾಲೀಕರನ್ನು ಸೆವೆನ್-ಇಲೆವೆನ್ ತಡೆಯುತ್ತಿದೆ ಎಂದು ಜಪಾನಿನ ನ್ಯಾಯಯುತ ವ್ಯಾಪಾರ ಆಯೋಗವು 2009ರ ಜೂನ್‌ನಲ್ಲಿ ಅದನ್ನು ನಿಲ್ಲಿಸುವಂತೆ ಆದೇಶಿಸಿದ್ದರ ಹಿನ್ನೆಲೆ ಇಷ್ಟೇ. ಅನಂತರ ಎಸೆದ ಆಹಾರದ ವೆಚ್ಚದಲ್ಲಿ ಶೇ. 15ರಷ್ಟನ್ನು ತಾನು ಭರಿಸುವುದಾಗಿ ಸಂಸ್ಥೆ ಪ್ರಕಟಿಸಿತು. ಉಳಿದ ಶೇ. 85 ಅಂಗಡಿಯವನದೇ.

2021ರ ಅಕ್ಟೋಬರ್‌ನಲ್ಲಿ ರಿಲಯನ್ಸ್ ರಿಟೇಲ್ ಮುಂಬಯಿಯ ಅಂಧೇರಿಯಲ್ಲಿ ಭಾರತದ ಮೊದಲ ಸೆವೆನ್-ಇಲೆವೆನ್ ಅಂಗಡಿಯನ್ನು ತೆರೆದಿದೆ. ಯಾವುದೇ ಸರಪಳಿಯ ಫ್ರಾಂಚೈಸಿ ಹಿಡಿಯಲು, ಅಥವಾ ಅದಕ್ಕೆ ರೊಟ್ಟಿ, ಚಟ್ನಿಪುಡಿ, ಹೋಳಿಗೆ ಒದಗಿಸಲು ಹೊರಟ ನಮ್ಮ ಸದಸ್ಯರು ಕಮಿಷನ್ನಿನ ಶೇಕಡಾವಾರು ನೋಡುವ ಮೊದಲು ಒಪ್ಪಂದದಲ್ಲಿ ‘ಒಟ್ಟು ಲಾಭ’ ಮತ್ತು ‘ಮಾರಾಟವಾಗದ ಸರಕು’ ಎಂಬ ಪದಗಳಿಗೆ ಕೊಟ್ಟ ಅರ್ಥವನ್ನು ಓದಬೇಕು. ತಮ್ಮ ಲೆಕ್ಕಿಗರಿಂದ ಮೇಲಿನಂತಹ ಹತ್ತು ಒನಿಗಿರಿಯ ಲೆಕ್ಕವನ್ನು ತಮ್ಮದೇ ಸರಕಿಗೆ ಮಾಡಿಸಿ ನೋಡಬೇಕು.

ಜಪಾನಿನಲ್ಲಿ ಪದ್ಧತಿ ನಿಧಾನವಾಗಿ ಸಡಿಲವಾಗುತ್ತಿದೆ. 2021ರಲ್ಲಿ ಸರ್ಕಾರವೂ ಸರಪಳಿಗಳೂ ಸೇರಿ ‘ತೆಮಾಎದೊರಿ’, ಅಂದರೆ ಮುಂದಿರುವುದನ್ನೇ ತೆಗೆದುಕೊಳ್ಳಿ, ಎಂಬ ಪ್ರಚಾರ ಆರಂಭಿಸಿದವು. ಗಡುವು ಹತ್ತಿರವಾದ ತಿನಿಸಿಗೆ ರಿಯಾಯಿತಿ ಚೀಟಿ ಅಂಟಿಸುವ ಅಂಗಡಿಗಳೂ ಈಗ ಕಾಣಸಿಗುತ್ತವೆ. ಪ್ರವಾಸದ ಕೊನೆಯ ಸಂಜೆ ಕಪಾಟಿನ ಹಿಂದಿನಿಂದ ಹೊಸದನ್ನು ತೆಗೆಯಲು ಹೋದ ಕೈಯನ್ನು ಈ ಲೇಖಕನು ಹಿಂದೆಗೆದು, ಮುಂದಿದ್ದ, 20 ಯೆನ್ ಇಳಿಸಿದ ಒನಿಗಿರಿಯನ್ನೇ ಕೊಂಡನು. ಗಡುವಿಗೆ ಇನ್ನೂ ಮೂರು ಗಂಟೆಯಿತ್ತು. ಪಾಚಿಯ ಹಾಳೆ ಮೊದಲ ದಿನದಷ್ಟೇ ಗರಿಗರಿಯಾಗಿತ್ತು.