ಗಿಡ ಕಸಿಯ ಕತ್ತರಿ: ಕೊಳ್ಳುವಾಗ ಮತ್ತು ಕೊಂಡ ಮೇಲೆ

ಕುಯ್ಲು ಮುಗಿದು ಕಣ ಖಾಲಿಯಾಗುತ್ತಿದ್ದಂತೆ ನಮ್ಮ ತೋಟಗಳಲ್ಲಿ ಕಸಿ ಕೆಲಸ ಆರಂಭವಾಗುತ್ತದೆ. (ಪೇಟೆಯವರಿಗೆ ಕಸಿ ಎಂದರೆ ಒಂದು ಗಿಡಕ್ಕೆ ಇನ್ನೊಂದನ್ನು ಕೂಡಿಸುವುದು, ಕಾಫಿ ಸೀಮೆಯಲ್ಲಿ ಅದು ಗಿಡ ಸವರುವುದು.) ಗೊಬ್ಬರ, ಔಷಧಿ, ಕೂಲಿ ಇವುಗಳ ಲೆಕ್ಕವನ್ನು ಪೈಸೆ ಬಿಡದೆ ಹಾಕುವ ಅನೇಕ ಬೆಳೆಗಾರ ಬಂಧುಗಳು ಕತ್ತರಿಯ ವಿಷಯಕ್ಕೆ ಬಂದಾಗ ಮಾತ್ರ ಅಂಗಡಿಯವರು ಕೈಗೆ ಕೊಟ್ಟದ್ದನ್ನು ತಂದುಬಿಡುತ್ತಾರೆ. ಆದುದರಿಂದ ಈ ಸಣ್ಣ ಉಪಕರಣದ ಬಗ್ಗೆ ಒಂದು ಪಾಠ ಅವಶ್ಯವೆಂದು ನಮಗೆ ತೋರಿದೆ.

ಮೊದಲು ಒಂದು ಲೆಕ್ಕ. 6 ಅಡಿಗೆ 6 ಅಡಿ ಅಂತರದಲ್ಲಿ ಅರೇಬಿಕಾ ನೆಟ್ಟ ತೋಟದಲ್ಲಿ ಎಕರೆಗೆ ಸುಮಾರು 1,200 ಗಿಡಗಳು. ಗಿಡವೊಂದಕ್ಕೆ 30 ಸಲ ಕತ್ತರಿ ಆಡಿಸಿದರೆಂದು ಹಿಡಿದರೂ ಎಕರೆಗೆ 36,000 ಗಾಯಗಳಾದವು. ಹರಿತವಾದ ಅಲಗಿನ ಗಾಯ ಬೇಗ ಒಣಗಿ ಮುಚ್ಚಿಕೊಳ್ಳುತ್ತದೆ. ಮೊಂಡು ಅಲಗು ತೊಗಟೆಯನ್ನು ಜಜ್ಜಿ ಸೀಳುತ್ತದೆ. ಸೀಳಿದ ತುದಿ ಹಿಂದಿನ ಗೆಣ್ಣಿನವರೆಗೂ ಒಣಗುತ್ತಾ ಹೋಗುವುದುಂಟು. ಕಾಫಿ ಫಸಲು ಕಟ್ಟುವುದು ಹಿಂದಿನ ವರ್ಷ ಬೆಳೆದ ರೆಂಬೆಯ ಗೆಣ್ಣುಗಳಲ್ಲಿ. ಒಣಗಿದ ಗೆಣ್ಣಿನಲ್ಲಿ ಚಿಗುರೂ ಇಲ್ಲ, ಮುಂದೆ ಹೂವೂ ಇಲ್ಲ. ಇದರ ಜೊತೆಗೆ ಕಸಿಯವರ ಮಣಿಕಟ್ಟಿನ ನೋವೂ ಇದೆ. ಮೊಂಡು ಕತ್ತರಿ ಹಿಡಿದವರು ಮಧ್ಯಾಹ್ನದ ಹೊತ್ತಿಗೆ ಕತ್ತರಿಸುವುದನ್ನು ಬಿಟ್ಟು ಕೈಯಿಂದ ಮುರಿಯಲು ತೊಡಗುತ್ತಾರೆ. ಅದಕ್ಕೆ ಅವರನ್ನು ಬೈದು ಪ್ರಯೋಜನವಿಲ್ಲ.

ಅಂಗಡಿಯಲ್ಲಿ ಸಿಗುವ ಕತ್ತರಿಗಳು ಮುಖ್ಯವಾಗಿ ಎರಡು ಬಗೆ. ಒಂದರಲ್ಲಿ ಹರಿತವಾದ ಅಲಗು ಕೊಕ್ಕೆಯಂಥ ಕೆಳತುಟಿಯ ಪಕ್ಕದಲ್ಲಿ ಜಾರಿಹೋಗುತ್ತದೆ. ಇನ್ನೊಂದರಲ್ಲಿ ಅಲಗು ಚಪ್ಪಟೆಯಾದ ಪಟ್ಟಿಯ ಮೇಲೆ ನೇರವಾಗಿ ಬಂದು ಕೂರುತ್ತದೆ, ಕೊರಡಿನ ಮೇಲೆ ಮಚ್ಚು ಬಿದ್ದಂತೆ. ಈ ಎರಡನೆಯದು ಒಣ ಕಡ್ಡಿಗೆ ಚೆನ್ನ. ಹಸಿ ರೆಂಬೆಯನ್ನು ಮಾತ್ರ ಪಟ್ಟಿಗೆ ಒತ್ತಿ ಜಜ್ಜುತ್ತದೆ. ಕಾಫಿ ಗಿಡಕ್ಕೆ ಜಾರುವ ಅಲಗಿನ ಕತ್ತರಿಯೇ ಬೇಕು. ಅಡಕತ್ತರಿಯಲ್ಲಿ ಒಣ ಅಡಿಕೆ ಚೂರು ಮಾಡುವ ನಮಗೆ ಈ ವ್ಯತ್ಯಾಸ ತಿಳಿಯುವುದು ಕಷ್ಟವಲ್ಲ.

ಕೊಳ್ಳುವ ಮುನ್ನ ಕತ್ತರಿಯನ್ನು ಮುಚ್ಚಿ ಬೆಳಕಿಗೆ ಹಿಡಿಯಿರಿ. ಅಲಗಿಗೂ ಕೊಕ್ಕೆಗೂ ನಡುವೆ ತುದಿಯವರೆಗೆ ಬೆಳಕು ತೂರಿ ಬಂದರೆ ಅದನ್ನು ಅಲ್ಲೇ ಬಿಟ್ಟು ಬನ್ನಿ. ನಡುವಿನ ಕೀಲು ಬಿಗಿ ಮಾಡಬಲ್ಲ ನಟ್ ಬೋಲ್ಟಿನದಾಗಿರಲಿ. ರಿವೆಟ್ ಹೊಡೆದದ್ದು ಸಡಿಲವಾದರೆ ಮನೆಯಲ್ಲಿ ಸರಿಪಡಿಸಲು ಬರುವುದಿಲ್ಲ. ಅಲಗನ್ನೂ ಸ್ಪ್ರಿಂಗನ್ನೂ ಬಿಡಿಯಾಗಿ ಮಾರುತ್ತಾರೆಯೇ ಎಂದು ಕೇಳಿ. 8 ಅಂಗುಲದ ಕತ್ತರಿ ಸಾಮಾನ್ಯ ಅಳತೆ. ನಮ್ಮಲ್ಲಿ ಕಸಿ ಮಾಡುವ ಹೆಣ್ಣುಮಕ್ಕಳಲ್ಲಿ ಅನೇಕರ ಕೈ ಚಿಕ್ಕದು. ಪೂರ್ತಿ ತೆರೆದ ಹಿಡಿ ಅವರ ಬೆರಳಿಗೆ ಎಟುಕದಿದ್ದರೆ ಚಿಕ್ಕ ಅಳತೆಯದನ್ನೇ ತರಬೇಕು. ಎಡಗೈಯವರಿಗೆ ಬೇರೆ ಕತ್ತರಿಯೇ ಉಂಟು. ಈಚಿನ ವರ್ಷಗಳಲ್ಲಿ ಬ್ಯಾಟರಿಯ ಕತ್ತರಿಗಳೂ ಬಂದಿವೆ. ಕೆಲಸ ಬೇಗ ಸಾಗುತ್ತದೆ, ನಿಜ. ಆದರೆ ಅದಕ್ಕೆ ರೆಂಬೆಯೂ ಒಂದೇ ಬೆರಳೂ ಒಂದೇ. ರೆಂಬೆ ಹಿಡಿದ ಎಡಗೈಯನ್ನು ದೂರವಿಟ್ಟು ಅಭ್ಯಾಸವಾಗುವವರೆಗೆ ಅದನ್ನು ಯಾರ ಕೈಗೂ ಕೊಡಬಾರದೆಂದು ನಮ್ಮ ಅಭಿಪ್ರಾಯ.

ಬಳಸುವಾಗ ತೆಳುವಾದ ಅಲಗು ಗಿಡದ ಕಡೆಗೆ, ಕೊಕ್ಕೆ ತೆಗೆದು ಹಾಕುವ ತುಂಡಿನ ಕಡೆಗೆ ಇರಬೇಕು. ಕೊಕ್ಕೆ ಒತ್ತಿದ ಕಡೆ ತೊಗಟೆ ಸ್ವಲ್ಪ ಜಜ್ಜುವುದು ಸಹಜ. ಆ ಭಾಗ ನೆಲಕ್ಕೆ ಬೀಳುವಂತಿರಲಿ. ತಿರುಗಾಮುರುಗಾ ಹಿಡಿದರೆ ಜಜ್ಜಿದ ಮೋಟು ಗಿಡದಲ್ಲೇ ಉಳಿಯುತ್ತದೆ. ಕತ್ತರಿ ಸಿಕ್ಕಿಕೊಂಡಾಗ ಹಿಡಿಯನ್ನು ತಿರುಚಬೇಡಿ, ಅಲಗು ಓರೆಯಾಗುತ್ತದೆ. ಕಿರುಬೆರಳಿಗಿಂತ ದಪ್ಪದ ಮರವನ್ನು ಅಲಗಿನ ತುದಿಯಿಂದಲ್ಲ, ಬುಡದಿಂದ ಕತ್ತರಿಸಬೇಕು. ಹೆಬ್ಬೆರಳಿನ ದಪ್ಪ ಮೀರಿದ್ದಕ್ಕೆ ಗರಗಸವೇ ಸರಿ.

ಇನ್ನು ಸಾಣೆಯ ವಿಷಯ. ಅಲಗಿನ ಒಂದು ಮಗ್ಗುಲು ಇಳಿಜಾರು, ಇನ್ನೊಂದು ಮಗ್ಗುಲು ಸಪಾಟು. ಹಿಡಿಯಬೇಕಾದದ್ದು ಇಳಿಜಾರನ್ನು ಮಾತ್ರ. ಕಾರ್ಖಾನೆಯಿಂದ ಬಂದಾಗ ಇದ್ದ ಓರೆಯನ್ನೇ ಅನುಸರಿಸಿ, ಎಣ್ಣೆ ಹಚ್ಚಿದ ಸಣ್ಣ ಸಾಣೆಕಲ್ಲನ್ನು ಅಲಗಿನ ಬುಡದಿಂದ ತುದಿಯ ಕಡೆಗೆ ಒಂದೇ ದಿಕ್ಕಿನಲ್ಲಿ ಎಳೆಯಿರಿ. ಹತ್ತು ಹನ್ನೆರಡು ಎಳೆತ ಸಾಕು. ಆಗ ಸಪಾಟು ಮಗ್ಗುಲಿನಲ್ಲಿ ಉಗುರಿಗೆ ತಗುಲುವ ಸಣ್ಣ ಸಿಬಿರು ಏಳುತ್ತದೆ. ಕಲ್ಲನ್ನು ಸಪಾಟಾಗಿಯೇ ಇಟ್ಟು ಒಂದೆರಡು ಸಲ ಸವರಿದರೆ ಅದು ಹೋಗುತ್ತದೆ. ಸಪಾಟು ಮಗ್ಗುಲನ್ನು ಓರೆಯಾಗಿ ಉಜ್ಜಿದರೆ ಅಲಗಿಗೂ ಕೊಕ್ಕೆಗೂ ಸಂದು ಬಿದ್ದು, ಎಷ್ಟು ಹರಿತವಾಗಿದ್ದರೂ ಕತ್ತರಿ ರೆಂಬೆಯನ್ನು ಮಡಚುತ್ತದೆಯೇ ಹೊರತು ಕತ್ತರಿಸುವುದಿಲ್ಲ. ಸಂತೆಯ ಸಾಣೆಯವರ ತಿರುಗುವ ಚಕ್ರಕ್ಕೆ ಕೊಡುವುದು ಇನ್ನೂ ಅಪಾಯ. ಕಿಡಿ ಹಾರುವಷ್ಟು ಒತ್ತಿ ಹಿಡಿದಾಗ ಅಂಚು ಕಾದು ನೀಲಿಗಟ್ಟುತ್ತದೆ. ಅಲ್ಲಿಗೆ ಉಕ್ಕಿನ ಹದ ಹೋಯಿತು, ಆಮೇಲೆ ಎಷ್ಟು ಹಿಡಿದರೂ ಹರಿತ ನಿಲ್ಲುವುದಿಲ್ಲ. ವಾರಕ್ಕೊಮ್ಮೆ ಕಟ್ಟೆಯ ಮೇಲೆ ಕೂತು ಐದು ನಿಮಿಷ ಕೈಸಾಣೆ ಹಿಡಿಯುವುದೇ ಮೇಲು.

ಕೀಲಿನ ಬಿಗಿ ನೋಡುವ ಕ್ರಮ ಹೀಗೆ: ಸ್ಪ್ರಿಂಗ್ ತೆಗೆದು, ಒಂದು ಹಿಡಿಯನ್ನು ಹಿಡಿದು ಇನ್ನೊಂದನ್ನು ಮೇಲಕ್ಕೆತ್ತಿ ಬಿಡಿ. ಅದು ನಿಧಾನವಾಗಿ ಇಳಿಯಬೇಕು. ಧೊಪ್ಪನೆ ಬಿದ್ದರೆ ಸಡಿಲ, ಅಲ್ಲಾಡದಿದ್ದರೆ ಅತಿ ಬಿಗಿ.

ದಿನದ ಕೊನೆಯಲ್ಲಿ ಅಲಗಿನ ಮೇಲೆ ಕಪ್ಪಾಗಿ ಅಂಟಿದ ಸೊನೆಯನ್ನು ಸೀಮೆಎಣ್ಣೆ ಅಥವಾ ಸ್ಪಿರಿಟ್ ಅದ್ದಿದ ಬಟ್ಟೆಯಿಂದ ಒರೆಸಿ, ಕೀಲಿಗೆ ಎರಡು ತೊಟ್ಟು ಎಣ್ಣೆ ಬಿಡಿ. ಬೋರ್ಡೋ ಸಿಂಪಡಿಸಿದ ತೋಟದಲ್ಲಿ ಕೆಲಸ ಮಾಡಿದ ದಿನವಂತೂ ಇದನ್ನು ತಪ್ಪಿಸಬಾರದು. ದ್ರಾವಣಕ್ಕೆ ಸುಣ್ಣ ಸಾಲದಾದಾಗ ಅದರಲ್ಲಿ ಅದ್ದಿದ ಚಾಕುವಿನ ಮೇಲೆ ಕೆಂಪು ತಾಮ್ರ ಕೂರುವುದನ್ನು ಅಡಿಕೆ ಬೆಳೆಗಾರರೆಲ್ಲ ಬಲ್ಲರು. ಅದೇ ಮೈಲುತುತ್ತ ಕತ್ತರಿಯ ಉಕ್ಕನ್ನೂ ತಿನ್ನುತ್ತದೆ.

ರೋಗದ ಮಾತು ಬೇರೆಯಾಗಿಯೇ ಹೇಳಬೇಕು. ಕೊಳೆ ರೋಗ ತಗುಲಿದ ಕಾಫಿ ರೆಂಬೆ ತೆಗೆದ ಕತ್ತರಿಯನ್ನು ಮುಂದಿನ ಗಿಡಕ್ಕೆ ಒಯ್ಯುವ ಮೊದಲು ಸ್ಪಿರಿಟ್ ಬಟ್ಟೆಯಿಂದ ಒರೆಸಿರಿ. ಬ್ಲೀಚಿಂಗ್ ನೀರು ಬಳಸುವವರು ಕೂಡಲೇ ತೊಳೆದು, ಒರೆಸಿ, ಎಣ್ಣೆ ಹಚ್ಚದಿದ್ದರೆ ಬೆಳಗಾಗುವುದರೊಳಗೆ ತುಕ್ಕು. ರೊಬಸ್ಟಾದಲ್ಲಿ ರೆಂಬೆ ಕೊರಕ ಹುಳು ಬಿದ್ದಿದ್ದರೆ ತೂತಿನಿಂದ 2-3 ಅಂಗುಲ ಆಚೆಗೆ ಕತ್ತರಿಸಿ ಸುಡಬೇಕೆಂಬುದು ಕಾಫಿ ಮಂಡಳಿಯ ಸಲಹೆ. ಇಲ್ಲಿ ಹರಿತಕ್ಕಿಂತ ಸುಡುವುದು ಮುಖ್ಯ. ಕಾಳುಮೆಣಸಿನ ಹಬ್ಬು ಬಳ್ಳಿಯನ್ನು ಫೆಬ್ರವರಿ-ಮಾರ್ಚಿನಲ್ಲಿ ಎರಡು ಮೂರು ಗೆಣ್ಣಿನ ತುಂಡು ಮಾಡುವುದಕ್ಕೆ ಬೇರೆಯೇ ಒಂದು ಕತ್ತರಿ ಇಡಿ. ಸೊರಗು ರೋಗದ ಮಣ್ಣು ಮೆತ್ತಿದ ಅಲಗನ್ನು ನರ್ಸರಿಗೆ ತರುವುದು ಬೇಡ.

ಮಳೆಗಾಲದಲ್ಲಿ ಕತ್ತರಿಗೆ ಕೆಲಸ ಕಡಿಮೆ, ತುಕ್ಕಿಗೆ ಕೆಲಸ ಹೆಚ್ಚು. ಬಿಚ್ಚಿ, ಒರೆಸಿ, ಎಲ್ಲ ಕಡೆ ಎಣ್ಣೆ ಹಚ್ಚಿ, ಹಳೆಯ ಬಟ್ಟೆಯಲ್ಲಿ ಸುತ್ತಿ ಒಲೆಮನೆಯ ಅಟ್ಟದಲ್ಲಿಡಿ. ಗೊಬ್ಬರದ ಮೂಟೆಗಳಿರುವ ಕೋಣೆಯಲ್ಲಿ ಬೇಡ, ಅಲ್ಲಿನ ತೇವ ಉಪ್ಪಿನ ತೇವ. ಸ್ಪ್ರಿಂಗನ್ನು ಅದೇ ಬಟ್ಟೆಯ ಮೂಲೆಯಲ್ಲಿ ಗಂಟು ಹಾಕಿಡಿ; ಮುಂದಿನ ಕಸಿಯ ಹೊತ್ತಿಗೆ ಮೊದಲು ಕಾಣೆಯಾಗುವುದು ಅದೇ.