‘ಯಾರಿಗೂ ಹೇಳಬ್ಯಾಡ್ರಿ’ ಅಂದ ಹುಡುಗನಿಗೆ

ಗೋಕಾಕ

ತಮ್ಮಾ,

ಮೊನ್ನೆ ರಾತ್ರಿ ಹನ್ನೊಂದೂವರೆಗೆ ನೀನು ಮೂಡಲಗಿಯಿಂದ ಕಳಿಸಿದ ಫೋಟೋ ನೋಡಿದೆ. ಫಿನಾಸ್ಟರೈಡ್, 1 ಮಿಲಿಗ್ರಾಂ, ಹತ್ತು ಗುಳಿಗೆಯ ಸ್ಟ್ರಿಪ್ಪು. ಒಂದೂ ಒಡೆದಿರಲಿಲ್ಲ. ಕೆಳಗೆ ಎರಡು ಸಾಲು: “ಕಾಕಾ, ಕೂದಲಕ್ಕ ಇದನ್ನ ತಗೊಂಡ್ರ ನಡಿತೈತೇನ್ರಿ? ಯಾರಿಗೂ ಹೇಳಬ್ಯಾಡ್ರಿ.”

ಮೊದಲ ಸಾಲಿಗೆ ಉತ್ತರ ಕೊಡಬಲ್ಲೆ. ಮೂವತ್ತು ವರ್ಷ ಔಷಧದ ಅಂಗಡಿಯಲ್ಲಿ ಕೂತವನು ನಾನು. ನಿದ್ದೆ ಕೆಡಿಸಿದ್ದು ಎರಡನೆಯ ಸಾಲು. ನಿನ್ನ ಹೆಸರು ಹಾಕದೆ, ಎಲ್ಲರೂ ಓದುವ ಹಾಗೆ ಬರೆಯಲೇ ಎಂದು ಕೇಳಿದಾಗ ಒಪ್ಪಿದೆಯಲ್ಲ, ಅಷ್ಟಕ್ಕೇ ಅರ್ಧ ಸಮಾಧಾನವಾಯಿತು. ಅದೇ ಹೊತ್ತಿನಲ್ಲಿ ಫೋನಿನ ಬೆಳಕು ಹಿಡಿದು ನೆತ್ತಿ ನೋಡಿಕೊಳ್ಳುವ ಹುಡುಗರು ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಬಹಳ ಇದ್ದಾರೆ. ಅವರು ಅಂಗಡಿಗೆ ಬರುವ ರೀತಿಯೇ ಬೇರೆ. ಉಳಿದ ಗಿರಾಕಿಗಳು ಹೋಗುವ ತನಕ ಹೊರಗೆ ನಿಂತು, ಕಡೆಗೆ ಬಂದು, ಔಷಧದ ಹೆಸರು ಬಾಯಿಂದ ಹೇಳದೆ ಫೋನು ಮುಂದೆ ಹಿಡಿಯುತ್ತಾರೆ.

ಹುಕ್ಕೇರಿಯ ಕನ್ಯೆಯ ಮನೆಯವರು ನಿನ್ನ ಫೋಟೋ ನೋಡಿ “ಹುಡುಗಗ ವಯಸ್ಸು ಜಾಸ್ತಿ ಕಾಣಸ್ತೈತಿ” ಅಂದರೆಂದು ನಿನ್ನ ಅವ್ವ, ನನ್ನ ವೈನಿ, ಹೇಳಿದರು. ನಿನಗಿನ್ನೂ ಇಪ್ಪತ್ತಾರು. ಕಬ್ಬಿನ ಹೊಲ, ಸೊಸೈಟಿಯ ಕೆಲಸ ಎರಡೂ ಇದ್ದರೂ ಕನ್ಯೆ ಸಿಗುವುದು ಕಷ್ಟವಾದ ಕಾಲದಲ್ಲಿ ಆ ಮಾತು ಎಲ್ಲಿ ನಾಟಿತು ಎಂದು ನನಗೆ ತಿಳಿಯುತ್ತದೆ. ನಿನ್ನ ಅಜ್ಜನಿಗೆ ನಲವತ್ತು ತುಂಬುವಷ್ಟರಲ್ಲಿ ನೆತ್ತಿ ಬರಿದಾಗಿತ್ತು. ಆದರೆ ಅದನ್ನು ನಾನು ಕಂಡಿದ್ದು ಅವರು ಜಳಕ ಮಾಡುವಾಗ ಮಾತ್ರ. ಸಂತೆಗೆ ಹೋಗುವ ಗಂಡಸರೆಲ್ಲ ರುಮಾಲು ಇಲ್ಲವೇ ಬಿಳಿ ಟೊಪ್ಪಿಗೆ ಇಟ್ಟುಕೊಳ್ಳುತ್ತಿದ್ದರು. ಯಾರ ತಲೆ ಬೋಳು ಎಂಬುದು ಮನೆಯವರಿಗೆ, ಕ್ಷೌರದವನಿಗೆ ಬಿಟ್ಟರೆ ಊರಿಗೆ ಗೊತ್ತಿರುತ್ತಿರಲಿಲ್ಲ. ನಿಮ್ಮ ಪಾಲಿಗೆ ಆ ರುಮಾಲು ಇಲ್ಲ, ಬಯೋಡಾಟಾದ ಫೋಟೋ ಇದೆ. 2017ರಲ್ಲಿ ರಾಜ್ ಬಿ. ಶೆಟ್ಟಿ ‘ಒಂದು ಮೊಟ್ಟೆಯ ಕಥೆ’ ಸಿನಿಮಾದಲ್ಲಿ ಹೆಣ್ಣು ಹುಡುಕುವ ಬೋಳುತಲೆಯ ಕನ್ನಡ ಉಪನ್ಯಾಸಕನನ್ನು ತೋರಿಸಿದರಲ್ಲ, ಸುತ್ತಲಿನ ಜನ ನಕ್ಕಾಗ ನನಗೆ ಅಂಗಡಿಯ ಹೊರಗೆ ನಿಲ್ಲುತ್ತಿದ್ದ ಹುಡುಗರೇ ನೆನಪಾದರು. ಆದ್ದರಿಂದ “ಕೂದಲಿಗೆ ಯಾಕೆ ಅಷ್ಟು ಚಿಂತೆ” ಎಂದು ನಾನು ಹೇಳುವುದಿಲ್ಲ. ನಿನ್ನ ನೋವು ನಿಜವಾದದ್ದು.

ಬೋರಿನ ಗಡಸು ನೀರು, ಹೆಲ್ಮೆಟ್ಟು ಎಂದು ನೀವೆಲ್ಲ ದೂರುತ್ತೀರಿ. ಕಾರಣ ಅವಲ್ಲ. ಹಿಡಕಲ್ ಜಲಾಶಯದ ದಂಡೆಯ ಊರುಗಳಲ್ಲೂ ಗಂಡಸರ ಹಣೆಯ ಎರಡು ಮೂಲೆ ಹಿಂದೆ ಸರಿಯುವುದು ಇದೇ ರೀತಿ. ಪ್ರಾಯಕ್ಕೆ ಬರುವ ಮೊದಲೇ ವೃಷಣ ಕಳೆದುಕೊಂಡವರು ಬೋಳಾಗುವುದಿಲ್ಲ ಎಂದು 1942ರಲ್ಲಿ ಅಮೆರಿಕದ ಜೇಮ್ಸ್ ಹ್ಯಾಮಿಲ್ಟನ್ ತೋರಿಸಿದರು. ಮನೆತನದ ಗುಣ, ಅದರ ಜೊತೆಗೆ ಗಂಡಸಿನ ಹಾರ್ಮೋನು, ಎರಡೂ ಸೇರಿದರೆ ಕೂದಲ ಬೇರು ಸಣ್ಣದಾಗುತ್ತ ಹೋಗುತ್ತದೆ. 1974ರಲ್ಲಿ ಡೊಮಿನಿಕನ್ ರಿಪಬ್ಲಿಕ್‌ನ ಕೆಲವು ಕುಟುಂಬಗಳ ವಿಷಯ ಹೊರಬಂತು. ಅಲ್ಲಿಯ ಕೆಲವು ಗಂಡಸರ ಮೈಯಲ್ಲಿ ಟೆಸ್ಟೋಸ್ಟೆರಾನನ್ನು ಡಿಎಚ್‌ಟಿ ಎಂಬ ಇನ್ನೂ ತೀಕ್ಷ್ಣವಾದ ಹಾರ್ಮೋನಾಗಿ ಮಾರ್ಪಡಿಸುವ ಕಿಣ್ವ ಹುಟ್ಟಿನಿಂದಲೇ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಅವರ ಪ್ರಾಸ್ಟೇಟ್ ಗ್ರಂಥಿ ಸಣ್ಣದೇ ಉಳಿದಿತ್ತು, ಅವರ ತಲೆ ಬೋಳಾಗಿರಲಿಲ್ಲ. ಆ ಕಿಣ್ವವನ್ನು ತಡೆಯುವ ಗುಳಿಗೆಯೇ ನಿನ್ನ ಕೈಯಲ್ಲಿರುವುದು. ಅಮೆರಿಕದಲ್ಲಿ 1992ರಲ್ಲಿ 5 ಮಿಲಿಗ್ರಾಂ ಪ್ರಾಸ್ಟೇಟಿಗೆ, 1997ರಲ್ಲಿ 1 ಮಿಲಿಗ್ರಾಂ ಕೂದಲಿಗೆ ಒಪ್ಪಿಗೆ ಪಡೆಯಿತು.

ಗುಳಿಗೆ ಕೆಲಸ ಮಾಡುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಎರಡು ವರ್ಷದ ಪರೀಕ್ಷೆಯಲ್ಲಿ ಇದನ್ನು ತಗೊಂಡ ನೂರು ಗಂಡಸರಲ್ಲಿ 83 ಮಂದಿಗೆ ಇದ್ದ ಕೂದಲು ಉಳಿಯಿತು. ಔಷಧವೇ ಇಲ್ಲದ ಹುಸಿ ಗುಳಿಗೆ ತಗೊಂಡವರಲ್ಲಿ 28 ಮಂದಿಗೆ. ಆದರೆ ಫಲ ಕಾಣಲು ಮೂರು ತಿಂಗಳಾದರೂ ಬೇಕು, ಕೆಲವರಿಗೆ ವರ್ಷ. ನಿಲ್ಲಿಸಿದರೆ ಉಳಿದದ್ದು ಮುಂದಿನ ಒಂದು ವರ್ಷದೊಳಗೆ ಹೋಗುತ್ತದೆ. ಅಂದರೆ ಇದು ಕೋರ್ಸು ಮುಗಿಸಿ ಬಿಡುವ ಔಷಧವಲ್ಲ.

ಇನ್ನು ನೀನು ಕೇಳಲು ನಾಚಿದ ವಿಷಯ. ಮೊದಲ ವರ್ಷದಲ್ಲಿ ಕಾಮಾಸಕ್ತಿ ಕಡಿಮೆಯಾಗುವುದು, ನಿಮಿರುವಿಕೆಯ ತೊಂದರೆ, ವೀರ್ಯದ ತೊಂದರೆ, ಇವೆಲ್ಲ ಸೇರಿ ಗುಳಿಗೆ ತಗೊಂಡವರಲ್ಲಿ ನೂರಕ್ಕೆ 3.8, ಹುಸಿ ಗುಳಿಗೆಯವರಲ್ಲಿ 2.1. ಹೆಚ್ಚಿನವರಿಗೆ ನಿಲ್ಲಿಸಿದ ಮೇಲೆ ಸರಿಹೋಗುತ್ತದೆ. ಕೆಲವರಿಗೆ ನಿಲ್ಲಿಸಿದರೂ ಉಳಿದುಕೊಂಡಿತೆಂಬ ದೂರುಗಳು ಬಂದು, 2012ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಅದನ್ನು ಔಷಧದ ಮಾಹಿತಿಪತ್ರದಲ್ಲಿ ಸೇರಿಸಿದರು. 2022ರಲ್ಲಿ ಆತ್ಮಹತ್ಯೆಯ ಯೋಚನೆಯ ಬಗ್ಗೆಯೂ ಸೇರಿತು. 2025ರ ಮೇ ತಿಂಗಳಲ್ಲಿ ಯುರೋಪಿನ ಔಷಧ ಸಂಸ್ಥೆಯ ಸಮಿತಿ ಆತ್ಮಹತ್ಯೆಯ ಯೋಚನೆಯನ್ನು ಅಡ್ಡ ಪರಿಣಾಮವೆಂದೇ ದೃಢಪಡಿಸಿತು. ವರದಿಗಳಲ್ಲಿ ಹೆಚ್ಚಿನವು ಕೂದಲಿಗೆ ತಗೊಳ್ಳುವ 1 ಮಿಲಿಗ್ರಾಂ ಗುಳಿಗೆಯವು.

ಇದರ ಇನ್ನೊಂದು ಮುಖವೂ ಇದೆ. 2007ರ ಒಂದು ಇಟಾಲಿಯನ್ ಅಧ್ಯಯನದಲ್ಲಿ ಇದೇ ಔಷಧದ 5 ಮಿಲಿಗ್ರಾಂ ಕೊಡುವಾಗ ಅರ್ಧ ಜನರಿಗೆ ಲೈಂಗಿಕ ತೊಂದರೆ ಬರಬಹುದೆಂದು ಹೇಳಿದರು, ಇನ್ನರ್ಧ ಜನರಿಗೆ ಹೇಳಲಿಲ್ಲ. ಹೇಳಿದವರಲ್ಲಿ ನೂರಕ್ಕೆ ಸುಮಾರು 44 ಮಂದಿಗೆ ತೊಂದರೆ ಕಾಣಿಸಿತು, ಹೇಳದವರಲ್ಲಿ 15 ಮಂದಿಗೆ. ಭಯವೂ ಮೈಯಲ್ಲಿ ಇಳಿಯುತ್ತದೆ. ಹಾಗೆಂದು ನಿನಗೆ ಹೇಳದೆ ಇರಲೇ? ಒಂದು ಸಲ ಹೇಳದೆ ಇದ್ದವನು ನಾನು.

ಒಬ್ಬ ಹುಡುಗ ಎಂಟು ತಿಂಗಳು ನನ್ನ ಅಂಗಡಿಯಿಂದ ಈ ಗುಳಿಗೆ ಒಯ್ದ. ಡಾಕ್ಟರ ಚೀಟಿ ಕೇಳಬೇಕಿತ್ತು, ಕೇಳಲಿಲ್ಲ. ಒಂದು ಮಾತೂ ತಿಳಿಸಿ ಹೇಳಲಿಲ್ಲ. ನಡುವೆ ಅವನ ಮದುವೆಯಾಯಿತು. ಒಂದು ಸಂಜೆ ಬಂದು, ಕೌಂಟರಿನ ಮೇಲೆ ಎರಡೂ ಕೈ ಇಟ್ಟು, ನೆಲ ನೋಡುತ್ತ ಕೇಳಿದ: “ಆ ಗುಳಿಗಿಯಿಂದ ಹಿಂಗ ಆಗ್ತೈತೇನ್ರಿ?” ಅವನಿಗೆ ತಾನು ಇಷ್ಟವಿಲ್ಲ ಎಂದು ತಿಳಿದು ಹೆಂಡತಿ ತವರಿಗೆ ಹೋಗಿದ್ದಳು. ಅವನು ಅವಳಿಗೂ ಹೇಳಿರಲಿಲ್ಲ, ಅವ್ವ ಅಪ್ಪನಿಗೂ ಹೇಳಿರಲಿಲ್ಲ. ಗುಳಿಗೆ ಬಿಟ್ಟ ಎರಡು ತಿಂಗಳಲ್ಲಿ ಮೈ ಸರಿಹೋಯಿತು. ಅವಳು ಮರಳಿ ಬರಲು ಅದಕ್ಕಿಂತ ಬಹಳ ದಿನ ಹಿಡಿಯಿತು. ಆ ಮನೆಗೆ ಆದ ನೋವಿನಲ್ಲಿ ಗುಳಿಗೆಯ ಪಾಲು ಎಷ್ಟು, ಗುಟ್ಟಿನ ಪಾಲು ಎಷ್ಟು, ನನ್ನ ಪಾಲು ಎಷ್ಟು ಎಂದು ಇವತ್ತಿಗೂ ಲೆಕ್ಕ ಹಾಕುತ್ತೇನೆ.

ನಾನೂ ಆರು ವರ್ಷದಿಂದ ಇದೇ ಔಷಧ ನುಂಗುತ್ತಿದ್ದೇನೆ, 5 ಮಿಲಿಗ್ರಾಂ. ಪ್ರಾಸ್ಟೇಟ್ ದಪ್ಪಗಾಗಿ ರಾತ್ರಿ ನಾಲ್ಕು ಸಲ ಏಳಬೇಕಾಗುತ್ತಿತ್ತು. ಆಸೆ ಕಡಿಮೆಯಾಯಿತು. ಶುರು ಮಾಡುವ ಮೊದಲೇ ನಿನ್ನ ಕಾಕುಗೆ ಹೇಳಿದ್ದೆ, ಆಮೇಲೂ ಹೇಳಿದೆ. ಅರವತ್ತಾರರ ನಾನು ಹಾಕುವ ಲೆಕ್ಕ ನಿನ್ನ ವಯಸ್ಸಿಗೆ ಹೊಂದುವುದಿಲ್ಲ. ನನಗೆ ನಿದ್ದೆ ಸಿಕ್ಕಿತು. ನಿನ್ನ ಮುಂದೆ ಇಡೀ ಸಂಸಾರವಿದೆ. ಮತ್ತೊಂದು ಮಾತು: 5ರ ಗುಳಿಗೆ ಅಗ್ಗವೆಂದು ಬ್ಲೇಡಿನಿಂದ ತುಂಡು ಮಾಡಿ ತಿನ್ನುವ ಹುಡುಗರಿದ್ದಾರೆ. ಒಡೆದ ಗುಳಿಗೆ, ಅದರ ಪುಡಿ ಬಸುರಿಯ ಕೈಗೆ ತಾಗಬಾರದು. ಗಂಡು ಕೂಸಿನ ಜನನಾಂಗದ ಬೆಳವಣಿಗೆ ಕೆಡಬಹುದು. ನಿನ್ನ ಅಕ್ಕ ಈಗ ಬಾಣಂತನಕ್ಕೆ ನಿಮ್ಮ ಮನೆಯಲ್ಲೇ ಇದ್ದಾಳಲ್ಲ, ಹೆರಿಗೆಯಾಗುವ ತನಕ ಇದು ಅವಳ ಕೈಗೆ ಸಿಗದಂತೆ ಇಡು.

ನನ್ನ ಅಭಿಪ್ರಾಯ ಇದು: ಲಗ್ನದ ಸಲುವಾಗಿ ಈ ಗುಳಿಗೆ ಶುರು ಮಾಡಬೇಡ. ಹುಕ್ಕೇರಿಯವರು ಮತ್ತೆ ನೋಡಲು ಬರುವಷ್ಟರಲ್ಲಿ ತಲೆಯಲ್ಲಿ ಏನೂ ಬದಲಾಗಿರುವುದಿಲ್ಲ. ಮದುವೆಯ ಹೊಸತರಲ್ಲಿ ಎಲ್ಲ ಗಂಡಸರಿಗೂ ಒಂದು ಅಂಜಿಕೆ ಇದ್ದೇ ಇರುತ್ತದೆ. ಆ ದಿನಗಳಲ್ಲಿ ಏನಾದರೂ ತಪ್ಪಿದರೆ ಅದು ಅಂಜಿಕೆಯೋ ಗುಳಿಗೆಯೋ ಎಂದು ನಿನಗೂ ತಿಳಿಯುವುದಿಲ್ಲ, ಡಾಕ್ಟರಿಗೂ ತಿಳಿಯುವುದಿಲ್ಲ. ಮಗು ಬೇಕೆಂದಾಗಲೂ ಡಾಕ್ಟರಿಗೆ ಈ ಔಷಧದ ವಿಷಯ ಹೇಳಲೇಬೇಕು. ವೀರ್ಯದ ಗುಣ ಕೆಟ್ಟು, ಬಿಟ್ಟ ಮೇಲೆ ಸುಧಾರಿಸಿದ ವರದಿಗಳಿವೆ. ಎರಡು ವರ್ಷದ ಹಿಂದಿನ ಆ ಮಳೆಗಾಲವೂ ನನಗೆ ನೆನಪಿದೆ. ನೀನು ಊಟ ಬಿಟ್ಟು, ಮಾತು ಬಿಟ್ಟು ಮೇಲಿನ ಕೋಣೆಯಲ್ಲಿ ಕೂತಿದ್ದೆ. ಅದನ್ನು ಡಾಕ್ಟರ ಮುಂದೆ ಎಲ್ಲಕ್ಕಿಂತ ಮೊದಲು ಹೇಳಬೇಕು. ಮುಂದೆ ಗುಳಿಗೆ ತಗೊಂಡು ಮನಸ್ಸು ಹಾಗೆ ಕಪ್ಪಗಾದರೆ ಗುಳಿಗೆ ನಿಲ್ಲಿಸಿ ಅದೇ ದಿನ ಡಾಕ್ಟರಿಗೆ ಫೋನು ಮಾಡು. ಅಪರಾತ್ರಿಯಾದರೆ ನನಗೆ ಮಾಡು, ಇಲ್ಲವೇ ಸರ್ಕಾರದ ಟೆಲಿ ಮಾನಸ್‌ಗೆ, 14416.

ಉಳಿದ ದಾರಿಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಮಿನಾಕ್ಸಿಡಿಲ್ ಮೊದಲು ರಕ್ತದೊತ್ತಡದ ಗುಳಿಗೆಯಾಗಿತ್ತು. ತಗೊಂಡವರ ಮೈಮೇಲೆ ಕೂದಲು ಬೆಳೆದದ್ದು ನೋಡಿ ತಲೆಗೆ ಹಚ್ಚುವ ದ್ರವ ಮಾಡಿದರು. ಮೊದಲ ವಾರಗಳಲ್ಲಿ ಕೂದಲು ಇನ್ನೂ ಉದುರಬಹುದು, ಚರ್ಮ ತುರಿಸಬಹುದು. ಹಾಸಿಗೆಯ ಈ ಗುಟ್ಟಿನ ಚಿಂತೆ ಅದರಲ್ಲಿ ಕಡಿಮೆ, ಆದರೆ ಅದನ್ನೂ ಬಿಡದೆ ಹಚ್ಚುತ್ತಿರಬೇಕು. ಹುಣಸೂರಿನ ಹಕ್ಕಿಪಿಕ್ಕಿ ಜನರ ಎಣ್ಣೆಯ ವಿಡಿಯೋ ಕಳಿಸಿದ್ದೆಯಲ್ಲ, ಎಣ್ಣೆಯಿಂದ ಕೂದಲಿಗೆ ಹೊಳಪು ಬರುತ್ತದೆ. ಬತ್ತಿದ ಬೇರು ಮತ್ತೆ ಚಿಗುರುತ್ತದೆ ಎಂದು ನಂಬಿ ಸಾವಿರಗಟ್ಟಲೆ ರೂಪಾಯಿ ಹಾಕಬೇಡ. ಬೋಳುತನ ಗುಣಪಡಿಸುತ್ತೇವೆ ಎಂದು ಯಾವ ಔಷಧವೂ ಹೇಳಿಕೊಳ್ಳಬಾರದೆಂದು ನಮ್ಮ ಔಷಧ ನಿಯಮಗಳ ಶೆಡ್ಯೂಲ್ ಜೆ ಹೇಳುತ್ತದೆ. ಜಿಮ್ಮಿನಲ್ಲಿ ಯಾರಾದರೂ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟಿದ್ದರೆ ಅದನ್ನು ಇವತ್ತೇ ಹೇಳು. ಬೋಳಾಗುವ ಮನೆತನದವರಿಗೆ ಅದು ಬೆಂಕಿಗೆ ತುಪ್ಪ.

ಎಲ್ಲ ಉದುರುವಿಕೆಯೂ ಇದೇ ಅಲ್ಲ. ಟೈಫಾಯ್ಡ್, ಡೆಂಗಿ ಬಂದು ಹೋದ ಎರಡು ಮೂರು ತಿಂಗಳಿಗೆ ರಾಶಿಗಟ್ಟಲೆ ಉದುರಿ ತಾನೇ ಬೆಳೆಯುವುದುಂಟು. ಥೈರಾಯ್ಡ್, ಕಬ್ಬಿಣದ ಕೊರತೆಯೂ ಇರಬಹುದು. ತಲೆಯನ್ನು ಮುಟ್ಟಿ ನೋಡಿದ ಚರ್ಮರೋಗ ತಜ್ಞರು ಹೇಳಬೇಕಾದ ಮಾತು ಅದು. ನಾನು ಫೋಟೋ ನೋಡಿ ಹೇಳಬಾರದು, ಒಮ್ಮೆ ಕೈಸುಟ್ಟುಕೊಂಡಿದ್ದೇನೆ.

ಸೋಮವಾರ ಸೊಸೈಟಿಗೆ ರಜೆ ಹಾಕು. ಬೆಳಿಗ್ಗೆ ಎಂಟಕ್ಕೆ ಗೋಕಾಕದ ಬಸ್ ನಿಲ್ದಾಣದಲ್ಲಿ ಇರುತ್ತೇನೆ, ಇಬ್ಬರೂ ಬೆಳಗಾವಿಗೆ ಹೋಗೋಣ. ಬಿಮ್ಸ್ ಆಸ್ಪತ್ರೆಯ ಚರ್ಮರೋಗ ವಿಭಾಗದಲ್ಲಿ ಚೀಟಿ ಮಾಡಿಸಿ, ನೀನೊಬ್ಬನೇ ಒಳಗೆ ಹೋಗು. ನಾನು ಹೊರಗಿನ ಬೆಂಚಿನ ಮೇಲೆ ಕೂತಿರುತ್ತೇನೆ. ಆ ಸ್ಟ್ರಿಪ್ಪು ತಗೊಂಡು ಬಾ, ಒಡೆಯದೆ. ಬರುವ ಮೊದಲು ವೈನಿಗೆ ಹೇಳು. ನೀನು ರಾತ್ರಿ ಕನ್ನಡಿಯ ಮುಂದೆ ನಿಲ್ಲುವುದನ್ನು ಅವರು ಎರಡು ತಿಂಗಳಿಂದ ನೋಡುತ್ತಿದ್ದಾರೆ.

ನಿನ್ನ
ಕಾಕಾ