ಯಕ್ಷಗಾನ ನೇರಪ್ರಸಾರ: ಮಾಡಬೇಕಾದ್ದು, ಮಾಡಬಾರದ್ದು

ಇಡೀ ರಾತ್ರಿಯ ಆಟವನ್ನು ಯೂಟ್ಯೂಬಿನಲ್ಲಿ ನೇರವಾಗಿ ಬಿಡುವ ತಂಡದವರಿಗೆ ಈ ಸೂಚನೆ. ಕ್ಯಾಮೆರಾ ಹಿಡಿಯುವವರು, ಲ್ಯಾಪ್‌ಟಾಪಿನ ಮುಂದೆ ಕೂರುವವರು, ಕೇಬಲ್ ಎಳೆಯುವವರು ಎಲ್ಲರೂ ಓದಬೇಕು. ಮುಂಬಯಿಯಲ್ಲೋ ದುಬೈಯಲ್ಲೋ ಕೂತು ನೋಡುವವರು ಚಿತ್ರ ಸ್ವಲ್ಪ ಮಸುಕಾದರೆ ಸಹಿಸುತ್ತಾರೆ, ಭಾಗವತರ ಪದ ನಡುವೆ ತುಂಡಾದರೆ ಎದ್ದು ಹೋಗುತ್ತಾರೆ. ಸ್ವರ ಮೊದಲು, ಚಿತ್ರ ಆಮೇಲೆ. ಉಳಿದ ನಿಯಮಗಳೆಲ್ಲ ಇದಕ್ಕೆ ಅಧೀನ.

ಮಾಡಬೇಕಾದ್ದು

ಮೇಳದ ಯಜಮಾನರು, ಆಟ ಆಡಿಸುವವರು, ಹೊಸ ಪ್ರಸಂಗವಾದರೆ ಪ್ರಸಂಗಕರ್ತರು, ಇವರೆಲ್ಲರ ಒಪ್ಪಿಗೆಯನ್ನು ಬರಹದಲ್ಲೇ ಪಡೆಯಿರಿ. ಕೃತಿಸ್ವಾಮ್ಯ ಕಾಯ್ದೆಯಲ್ಲಿ ವೇಷ ಕಟ್ಟಿದ ಕಲಾವಿದರಿಗೂ ಹಕ್ಕಿದೆ. ಶಿವರಾಮ ಕಾರಂತರ ಯಕ್ಷಗಾನ ಬ್ಯಾಲೆಗಳ ಹಕ್ಕಿನ ವ್ಯಾಜ್ಯ ಸುಪ್ರೀಂ ಕೋರ್ಟಿನ ತನಕ ಹೋಗಿ 2009ರಲ್ಲಿ ತೀರ್ಪಾಯಿತು. "ನಮ್ಮೂರಿನ ಆಟ, ಯಾರು ಕೇಳ್ತಾರೆ" ಎನ್ನುವವರಿಗೆ ಇಷ್ಟು ಸಾಕು.

ಅಪ್‌ಲೋಡ್ ವೇಗ ಅಳೆದು, ಬಂದ ಲೆಕ್ಕದ ಅರ್ಧವನ್ನು ಮಾತ್ರ ಬಳಸಿ. ಮಧ್ಯಾಹ್ನ ಖಾಲಿ ಗದ್ದೆಯಲ್ಲಿ ಮೊಬೈಲ್ ಇಂಟರ್‌ನೆಟ್ ಓಡುತ್ತದೆ. ರಾತ್ರಿ ಜನ ಸೇರಿದ ಮೇಲೆ ಅಷ್ಟೂ ಫೋನುಗಳು ಅದೇ ಟವರನ್ನು ಹಂಚಿಕೊಳ್ಳುತ್ತವೆ. ಹತ್ತಿರದ ಮನೆಯಿಂದ ಫೈಬರ್ ಸಂಪರ್ಕ ಸಿಕ್ಕರೆ ಅದೇ ಮುಖ್ಯ ದಾರಿ, ಸಿಮ್ ಬದಲಿ ದಾರಿ. ವೈಫೈ ನಂಬದೆ ಲ್ಯಾನ್ ಕೇಬಲ್ ಎಳೆಯಿರಿ, 100 ಮೀಟರ್ ಮೀರದಿರಲಿ. ಹಳ್ಳಿಯಲ್ಲಿ 720ಪಿ ಚಿತ್ರ, ಸೆಕೆಂಡಿಗೆ 2500 ಕಿಲೋಬಿಟ್ ಸಾಕು. ಧ್ವನಿಗೆ 128 ಕಿಲೋಬಿಟ್ ಕೊಡಿ, ಏನೇ ಆದರೂ ಅದರಲ್ಲಿ ಕಡಿತ ಬೇಡ. ಹೀಗೆ ಬಿಟ್ಟರೆ ಗಂಟೆಗೆ ಸುಮಾರು 1.2 ಜಿಬಿ ಖರ್ಚು. ದಿನಕ್ಕೆ 2 ಜಿಬಿಯ ಸಿಮ್ ಪ್ರಸಂಗ ಬಿಸಿಯೇರುವ ಮೊದಲೇ ಮುಗಿದಿರುತ್ತದೆ.

ಧ್ವನಿಯನ್ನು ಮೈಕಿನವರ ಮಿಕ್ಸರಿನಿಂದ ಬೇರೆಯೇ ತಂತಿಯಲ್ಲಿ ತೆಗೆದುಕೊಳ್ಳಿ. ಆದರೆ ಅದೊಂದನ್ನೇ ನೆಚ್ಚಬೇಡಿ. ಚೆಂಡೆಯ ಸದ್ದು ಬಯಲಿಗೆ ತಾನಾಗಿಯೇ ಕೇಳುವುದರಿಂದ ಮಿಕ್ಸರಿನಲ್ಲಿ ಅದನ್ನು ಕಡಿಮೆ ಇಟ್ಟಿರುತ್ತಾರೆ. ಮಿಕ್ಸರಿನ ಧ್ವನಿ ಮಾತ್ರ ಬಿಟ್ಟರೆ ದೂರದಲ್ಲಿ ಕೇಳುವವರಿಗೆ ಚೆಂಡೆ ಪಕ್ಕದೂರಿನದ್ದೇನೋ ಅನ್ನಿಸುತ್ತದೆ. ರಂಗಸ್ಥಳದೆದುರು ಒಂದು ಮೈಕ್ ಇಟ್ಟು ಹದವಾಗಿ ಬೆರೆಸಿ. ಮಟ್ಟವನ್ನು ಗಣಪತಿ ಸ್ತುತಿಗೆ ಹೊಂದಿಸಿ ಸುಮ್ಮನಾಗಬೇಡಿ. ಯುದ್ಧದ ಪದಕ್ಕೆ ಚೆಂಡೆ ಏರಿದಾಗಲೂ ಮೀಟರ್ ಕೆಂಪಿನ ತುದಿ ಮುಟ್ಟಬಾರದು. ಒಮ್ಮೆ ಒಡೆದ ಧ್ವನಿಯನ್ನು ಆಮೇಲೆ ಯಾವ ಸಾಫ್ಟ್‌ವೇರೂ ಸರಿಯಾಗಿ ಕೂಡಿಸುವುದಿಲ್ಲ.

ಕ್ಯಾಮೆರಾದ ಚಿತ್ರ ಕ್ಯಾಪ್ಚರ್ ಕಾರ್ಡ್ ದಾಟಿ ಬರುವಾಗ ಮಿಕ್ಸರಿನ ಧ್ವನಿಗಿಂತ ತುಸು ಹಿಂದೆ ಬೀಳುತ್ತದೆ. ಒಬ್ಬರನ್ನು ರಂಗಸ್ಥಳದಲ್ಲಿ ನಿಲ್ಲಿಸಿ ಚಪ್ಪಾಳೆ ತಟ್ಟಿಸಿ, ಚಿತ್ರ ಎಷ್ಟು ಹಿಂದಿದೆ ನೋಡಿ, ಪ್ರಸಾರದ ಸಾಫ್ಟ್‌ವೇರ್ ಆದ ಓಬಿಎಸ್‌ನಲ್ಲಿ ಧ್ವನಿಯನ್ನು ಅಷ್ಟೇ ತಡಮಾಡಿ. ಹೆಜ್ಜೆಗೂ ಮದ್ದಳೆಯ ಪೆಟ್ಟಿಗೂ ತಾಳೆಯಾಗದ ಆಟವನ್ನು ಬಲ್ಲವರು ಐದು ನಿಮಿಷವೂ ನೋಡುವುದಿಲ್ಲ.

ಕ್ಯಾಮೆರಾದ ಶಟರ್ 1/50, ಸೆಕೆಂಡಿಗೆ 25 ಫ್ರೇಮ್. ನಮ್ಮ ಕರೆಂಟು 50 ಹರ್ಟ್ಸ್, ಹೊಂದದಿದ್ದರೆ ದೀಪಗಳು ಮಿಣುಕುತ್ತವೆ. ಎಕ್ಸ್‌ಪೋಶರನ್ನು ಕೈಯಾರೆ ಕಟ್ಟಿಡಿ. ಆಟೋದಲ್ಲಿಟ್ಟರೆ ಬಣ್ಣದ ವೇಷ ಬರುವಾಗ ದೊಂದಿಗೆ ರಾಳ ಎರಚಿದ ಗಳಿಗೆಯಲ್ಲೇ ಮುಖ ಕಪ್ಪಾಗುತ್ತದೆ.

ಲ್ಯಾಪ್‌ಟಾಪಿನಲ್ಲೂ ಆಟ ರೆಕಾರ್ಡ್ ಆಗುತ್ತಿರಲಿ, ಎಂಕೆವಿ ರೂಪದಲ್ಲಿ. ಎಂಪಿ4 ಆದರೆ ನಡುವೆ ಯಂತ್ರ ನಿಂತಾಗ ಇಡೀ ಫೈಲೇ ತೆರೆಯದೆ ಹೋಗಬಹುದು. ಕರೆಂಟು ಹೋಗಿ ಜನರೇಟರ್ ಹಿಡಿಯುವಷ್ಟರಲ್ಲಿ ಲ್ಯಾಪ್‌ಟಾಪ್ ಬದುಕಿರುತ್ತದೆ, ರೌಟರ್ ಸತ್ತಿರುತ್ತದೆ. ಫೈಬರಿನ ಡಬ್ಬಿ ಇರುವ ಆ ಮನೆಯಲ್ಲೂ ಒಂದು ಯುಪಿಎಸ್ ಇಡಿ.

ಮಾಡಬಾರದ್ದು

ಬಣ್ಣಬಣ್ಣದ ಮಿನುಗುದೀಪ ಹಾಕಿಸಬೇಡಿ. ವೀಡಿಯೊ ಕುಗ್ಗಿಸುವ ತಂತ್ರ ಹೆಚ್ಚಾಗಿ ಒಂದು ಫ್ರೇಮಿಗೂ ಮುಂದಿನದಕ್ಕೂ ಇರುವ ವ್ಯತ್ಯಾಸವನ್ನಷ್ಟೇ ಕಳಿಸುತ್ತದೆ. ತಾಳಮದ್ದಳೆಯಲ್ಲಿ ಕೂತವರು ಕೂತಲ್ಲೇ ಇರುವುದರಿಂದ ಕಡಿಮೆ ಬಿಟ್ಟುಗಳಲ್ಲೇ ಚಿತ್ರ ತಿಳಿಯಾಗಿರುತ್ತದೆ. ಪುಂಡುವೇಷದ ದಿಗಿಣಕ್ಕೆ ಮಾತ್ರ ಇರುವ ಬಿಟ್ಟೆಲ್ಲ ಬೇಕು. ಹಿಂದಿನ ಪರದೆ ಕ್ಷಣಕ್ಕೊಂದು ಬಣ್ಣ ಬದಲಿಸಿದರೆ ಅದು ವೇಷದ ಪಾಲನ್ನೇ ತಿನ್ನುತ್ತದೆ, ಅಭಿಮನ್ಯು ಚೌಕಚೌಕವಾಗಿ ಒಡೆಯುತ್ತಾನೆ.

ಓಬಿಎಸ್‌ನ ಕೆಳಗಡೆ ಡ್ರಾಪ್ಡ್ ಫ್ರೇಮ್ಸ್ ಏರತೊಡಗಿದರೆ ಗಾಬರಿಯಾಗಿ ಪ್ರಸಾರ ನಿಲ್ಲಿಸಬೇಡಿ. ಲ್ಯಾಪ್‌ಟಾಪಿನಿಂದ ಯೂಟ್ಯೂಬಿಗೆ ಪ್ರಸಾರ ಒಯ್ಯುವ ಆರ್‌ಟಿಎಂಪಿ ಎಂಬ ವಿಧಾನ ಓಡುವುದು ಟಿಸಿಪಿಯ ಮೇಲೆ. ಒಂದು ಪ್ಯಾಕೆಟ್ ಕಳೆದರೆ ಅದನ್ನು ಮತ್ತೆ ಕಳಿಸುವ ತನಕ ಅದರ ಹಿಂದೆ ಬರುವುದೆಲ್ಲ ಸಾಲಿನಲ್ಲಿ ಕಾಯುತ್ತದೆ. ಮದ್ದು ಒಂದೇ, ಚಿತ್ರದ ಬಿಟ್‌ರೇಟ್ ಇಳಿಸುವುದು. ಯೂಟ್ಯೂಬ್ ಸ್ಟುಡಿಯೋದ "ಎಂಡ್ ಸ್ಟ್ರೀಮ್" ಗುಂಡಿಯನ್ನು ಮಂಗಳ ಹಾಡುವ ಮೊದಲು ಯಾರೂ ಮುಟ್ಟಕೂಡದು. ಆಟೋ ಸ್ಟಾಪ್ ಆಫ್ ಮಾಡಿಟ್ಟಿದ್ದರೆ ನೆಟ್ ಹೋಗಿ ಬಂದರೂ ಅದೇ ಲಿಂಕಿನಲ್ಲಿ ಮುಂದುವರಿಯಬಹುದು.

"ಅಲ್ಟ್ರಾ ಲೋ ಲೇಟೆನ್ಸಿ" ಬೇಡವೇ ಬೇಡ. ವೀಕ್ಷಕರ ಫೋನು ಮುಂಚಿತವಾಗಿ ಕೂಡಿಟ್ಟುಕೊಳ್ಳುವ ದಾಸ್ತಾನನ್ನು ಅದು ಕಡಿಮೆ ಮಾಡುತ್ತದೆ, ನೆಟ್ ಸ್ವಲ್ಪ ಅಲುಗಿದರೂ ಪದ ನಿಲ್ಲುತ್ತದೆ. ಆಟ ಅರ್ಧ ನಿಮಿಷ ತಡವಾಗಿ ತಲುಪಿದರೆ ಯಾರಿಗೂ ನಷ್ಟವಿಲ್ಲ.

ಸಂಜೆ ಐದಕ್ಕೆ ಪರೀಕ್ಷೆಗೆಂದು ಬಿಟ್ಟ ಪ್ರಸಾರವನ್ನೇ ಬೆಳಗಿನ ತನಕ ಎಳೆಯಬೇಡಿ. 12 ಗಂಟೆ ಮೀರಿದ ಪ್ರಸಾರ ಚಾನೆಲಿನಲ್ಲಿ ಪೂರ್ತಿಯಾಗಿ ಉಳಿಯುತ್ತದೆಂಬ ಭರವಸೆಯಿಲ್ಲ. ಪರೀಕ್ಷೆಗೆ ಬೇರೆ ಲಿಂಕ್ ಮಾಡಿ.

ಆಟಕ್ಕೆ ಮೊದಲು ಮೈಕಿನವರು ಹಾಕುವ ಸಿನಿಮಾ ಹಾಡು ಪ್ರಸಾರಕ್ಕೆ ಹೋಗದಿರಲಿ. ಯೂಟ್ಯೂಬಿನ ಯಂತ್ರ ಅದನ್ನು ಗುರುತಿಸಿ ಪ್ರಸಾರವನ್ನೇ ತಡೆಯಬಹುದು. ಸ್ಟ್ರೀಮ್ ಕೀಯನ್ನು ವಾಟ್ಸಾಪ್ ಗುಂಪಿಗೆ ಹಾಕಬೇಡಿ, ಅದು ಸಿಕ್ಕವರು ನಮ್ಮ ಚಾನೆಲಿನಲ್ಲಿ ಏನನ್ನೂ ಬಿಡಬಲ್ಲರು.

ಭಾಗವತರು ಒಂದೂರಲ್ಲಿ, ಮದ್ದಳೆಗಾರರು ಇನ್ನೊಂದೂರಲ್ಲಿ ಕೂತು ಜೂಮ್ ಮೂಲಕ ಹಿಮ್ಮೇಳ ನಡೆಸುವ ಯೋಜನೆ ತರಬೇಡಿ. ಮಾತುಕತೆಗೆ 150 ಮಿಲಿಸೆಕೆಂಡಿನ ವಿಳಂಬ ಅಡ್ಡಿಯಲ್ಲ, ಅರ್ಥ ಹೇಳುವುದಾದರೆ ನಡೆದೀತು. ತಾಳಕ್ಕೆ ಅದರ ಕಾಲುಭಾಗವೂ ಹೆಚ್ಚೇ. ಸಾಲದ್ದಕ್ಕೆ ಅಲ್ಲಿನ ಗದ್ದಲ ನಿವಾರಣೆಯ ವ್ಯವಸ್ಥೆ ಚೆಂಡೆಯನ್ನೂ ಗದ್ದಲವೆಂದೇ ಎಣಿಸುತ್ತದೆ. (ಕೆಲವರ ಕೈಯಲ್ಲಿ ಹೌದೆನ್ನಿ.)

ಕಲಾವಿದರು ಒಪ್ಪದೆ ಚೌಕಿಯೊಳಗೆ ಕ್ಯಾಮೆರಾ ಒಯ್ಯಬೇಡಿ. ಪ್ರಸಾರ ಮುಗಿದ ಮೂರು ದಿನದೊಳಗೆ ರೆಕಾರ್ಡಿನ ಒಂದು ಪ್ರತಿ ಮೇಳಕ್ಕೆ ತಲುಪಬೇಕು, ಅದನ್ನು ಒಯ್ದು ಕೊಡುವ ಹೊಣೆ ಲ್ಯಾಪ್‌ಟಾಪಿನ ಮುಂದೆ ಕೂತವರದ್ದು.